ಕೋಳಿಗೆ ಕಿಲೋಮೀಟರ್ ಲೆಕ್ಕ ಗೊತ್ತಿಲ್ಲ

ವರ್ಗಾವಣೆ ಆದೇಶ ಬಂದ ಮನೆಯಲ್ಲಿ ಬೀರು, ಫ್ರಿಜ್ಜು, ಗ್ಯಾಸ್ ಸಂಪರ್ಕ, ಮಕ್ಕಳ ಟಿ.ಸಿ. ಎಲ್ಲದರ ಮಾತು ಮುಗಿದ ಮೇಲೆ ಕೊನೆಗೆ ಹಿತ್ತಲಿನ ಮಾತು ಬರುತ್ತದೆ. ಅಲ್ಲಿ ನಾಲ್ಕಾರು ಹೇಟೆ, ಒಂದು ಹುಂಜ, ಮಕ್ಕಳು ಹಟ ಮಾಡಿ ತರಿಸಿಕೊಂಡ ಬಾತುಕೋಳಿ ಜೋಡಿ ಇದ್ದರೆ ಮನೆಯವರ ಮುಖ ಸಪ್ಪಗಾಗುತ್ತದೆ. ಸಲಹೆಗಳಿಗೇನೂ ಬರವಿಲ್ಲ. ಮಾರಿಬಿಡಿ, ಅಲ್ಲಿ ಹೋಗಿ ಬೇರೆ ತಂದರಾಯಿತು ಎನ್ನುವವರು ಕೆಲವರು. ಭಾನುವಾರ ಹತ್ತಿರದಲ್ಲೇ ಇದೆಯಲ್ಲ ಎಂದು ನಗುವವರು ಇನ್ನು ಕೆಲವರು. ಎರಡೂ ಸಲಹೆಗಳ ಹಿಂದಿರುವುದು ಒಂದೇ ನಂಬಿಕೆ: ಇಂಥ ಹಕ್ಕಿಗಳು ಮುನ್ನೂರು ನಾನೂರು ಕಿಲೋಮೀಟರ್ ಪ್ರಯಾಣ ತಡೆಯಲಾರವು, ದಾರಿಯಲ್ಲೇ ಸಾಯುತ್ತವೆ. ಪೂರ್ತಿ ಸುಳ್ಳೇನಲ್ಲ, ದಾರಿಯಲ್ಲಿ ಸತ್ತ ಕೋಳಿಗಳು ಬೇಕಾದಷ್ಟಿವೆ. ಆದರೆ ಅವುಗಳ ಸಾವನ್ನು ದೂರದ ಲೆಕ್ಕಕ್ಕೆ ಬರೆಯುವುದು ತಪ್ಪು. ಹಿಡಿದ ಕೈ, ನಿಂತ ವಾಹನ, ಇಳಿಸಿದ ಮೇಲಿನ ಅವಸರ, ಈ ಮೂರರ ಪಾಲೇ ಅದರಲ್ಲಿ ದೊಡ್ಡದು. ಕಿಲೋಮೀಟರ್ ಎಣಿಸಿ ಹೆದರುವವರು ಹೆದರಬೇಕಾದ ಜಾಗದಲ್ಲಿ ಹೆದರುತ್ತಿಲ್ಲ ಎಂಬುದೇ ನನ್ನ ವಾದ.

ದೂರದ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಅಮೆರಿಕದ ಅಂಚೆ ಇಲಾಖೆ 1918ರಿಂದಲೂ ಒಂದು ದಿನದ ಕೋಳಿಮರಿಗಳನ್ನು ಪಾರ್ಸೆಲ್ಲಿನಲ್ಲಿ ಕಳಿಸುತ್ತ ಬಂದಿದೆ. ಮೊಟ್ಟೆಯೊಡೆಯುವ ಮುನ್ನ ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಆ ಬುತ್ತಿಯ ಬಲದಲ್ಲಿ ಸುಮಾರು 72 ಗಂಟೆ ಕಾಳು ನೀರಿಲ್ಲದೆ ಬದುಕಬಲ್ಲದು. ನಮ್ಮಲ್ಲೂ ಹ್ಯಾಚರಿಯ ಮರಿಗಳು ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಹೋಗುವುದು ದಿನನಿತ್ಯದ ವ್ಯವಹಾರ. ಬೆಳೆದ ಕೋಳಿಗೆ ಆ ಬುತ್ತಿ ಇಲ್ಲ, ನಿಜ. ಆದರೆ ಅದರ ದಿನಚರಿಯನ್ನು ಸ್ವಲ್ಪ ಗಮನಿಸಿ. ಸಂಜೆ ಆರೂವರೆಗೆ ಗೂಡು ಸೇರುವ ಹೇಟೆ ಬೆಳಗಿನ ಆರರವರೆಗೆ ಕತ್ತಲಲ್ಲಿ, ಕಾಳಿಲ್ಲದೆ, ನೀರಿಲ್ಲದೆ, ಕೂತ ಕಡೆಯೇ ಕೂತು ಕಳೆಯುತ್ತದೆ. ಸಂಜೆ ತಿಂದ ಕಾಳು ಗಂಟಲ ಚೀಲದಲ್ಲಿ ನೆನೆದು ರಾತ್ರಿಯಿಡೀ ನಿಧಾನವಾಗಿ ಇಳಿಯುತ್ತದೆ. ವರ್ಷದ ಪ್ರತಿ ರಾತ್ರಿ ಅದು ಮಾಡುವ ಈ ಕೆಲಸಕ್ಕೂ ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿ ಹೋಗುವ ಗಾಡಿಯಲ್ಲಿ ಕೂರುವುದಕ್ಕೂ ಇರುವ ವ್ಯತ್ಯಾಸ ಅಲುಗಾಟ ಮತ್ತು ಸದ್ದು ಮಾತ್ರ. ಐರೋಪ್ಯ ಒಕ್ಕೂಟದ ಪ್ರಾಣಿ ಸಾಗಾಟ ಕಾನೂನು ಕೂಡ ಕೋಳಿಗಳಿಗೆ ಕಾಳು ನೀರಿನ ವ್ಯವಸ್ಥೆಯನ್ನು ಕಡ್ಡಾಯ ಮಾಡುವುದು ಪ್ರಯಾಣ 12 ಗಂಟೆ ದಾಟಿದಾಗ. ಪ್ರಾಣಿದಯೆಯಲ್ಲಿ ಯಾರಿಗೂ ಕಡಿಮೆಯಿಲ್ಲದ ಆ ದೇಶಗಳು ಹನ್ನೆರಡು ಗಂಟೆಯ ಗೆರೆ ಎಳೆದದ್ದು ಕೋಳಿಯ ಮೈಯನ್ನು ಬಲ್ಲವರ ಮಾತು ಕೇಳಿಯೇ.

ಇದಕ್ಕೊಂದು ಗಟ್ಟಿ ಆಕ್ಷೇಪಣೆ ಇದೆ, ಅದನ್ನು ಸವರಿಕೊಂಡು ಹೋಗುವಂತಿಲ್ಲ. ಬ್ರಿಟನ್ನಿನಲ್ಲಿ ಕಸಾಯಿಖಾನೆಗೆ ಹೋಗುವ ಬ್ರಾಯ್ಲರ್ ಕೋಳಿಗಳ ಬಗ್ಗೆ 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಾಲ್ಕು ಗಂಟೆಯೊಳಗಿನ ಪ್ರಯಾಣದಲ್ಲಿ ಸತ್ತವು ಶೇ 0.16ರಷ್ಟಿದ್ದರೆ ಅದಕ್ಕಿಂತ ದೀರ್ಘ ಪ್ರಯಾಣದಲ್ಲಿ ಶೇ 0.28ರಷ್ಟು. ಅಂದರೆ ದೂರ ಹೆಚ್ಚಿದಂತೆ ಸಾವು ಇಮ್ಮಡಿಯ ಹತ್ತಿರ ಬಂತು. ಹಾಗಾದರೆ ದೂರವೇ ಕಾರಣ ಎಂದಂತಾಗಲಿಲ್ಲವೇ? ಮೊದಲಿಗೆ ಅಂಕಿಯ ಗಾತ್ರ ನೋಡಬೇಕು. ಇಮ್ಮಡಿಯಾದ ಮೇಲೂ ಅದು ಸಾವಿರಕ್ಕೆ ಮೂರು ಮುಟ್ಟುವುದಿಲ್ಲ. ಅದೂ ಆರೇಳು ವಾರದಲ್ಲಿ ಎರಡು ಕೆ.ಜಿ. ದಾಟುವಂತೆ ಬೆಳೆಸಿದ, ಮೈಭಾರಕ್ಕೆ ತಕ್ಕ ಹೃದಯವಿಲ್ಲದ, ಕ್ರೇಟಿನಲ್ಲಿ ಒತ್ತೊತ್ತಾಗಿ ತುಂಬಿದ ಹಕ್ಕಿಗಳಲ್ಲಿ. ಎರಡನೆಯದು ಇದಕ್ಕಿಂತ ಮುಖ್ಯ. ಅದೇ ಕಾಲದಲ್ಲಿ ಅದೇ ದೇಶದಲ್ಲಿ ಸತ್ತು ತಲುಪಿದ ಕೋಳಿಗಳನ್ನು ಕೊಯ್ದು ಪರೀಕ್ಷಿಸಿದವರು ಕಂಡದ್ದು ಏನೆಂದರೆ, ಹೆಚ್ಚಿನವು ಹೃದಯ ಸೋತು ಸತ್ತಿದ್ದವು. ಸುಮಾರು ಮೂರನೇ ಒಂದು ಪಾಲು ಪೆಟ್ಟಿನಿಂದ ಸತ್ತಿದ್ದವು. ಆ ಪೆಟ್ಟುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ತೊಡೆಯ ಸಂದು ಕಳಚಿ ಒಳಗೆ ರಕ್ತ ಸೋರಿದ್ದು. ಚಲಿಸುವ ಲಾರಿ ಯಾವ ಕೋಳಿಯ ತೊಡೆಯನ್ನೂ ಕಳಚುವುದಿಲ್ಲ. ಶೆಡ್ಡಿನಲ್ಲಿ ಒಂದೇ ಕಾಲು ಹಿಡಿದು ಎತ್ತಿ ಕ್ರೇಟಿಗೆ ಎಸೆದ ಕೈ ಅದನ್ನು ಮಾಡುತ್ತದೆ. ಕೋಳಿಯ ಸಾವು ಗಾಡಿ ಹೊರಡುವ ಮೊದಲೇ ಶುರುವಾಗಿರುತ್ತದೆ. ಗಾಡಿ ಅದನ್ನು ಹೊತ್ತೊಯ್ಯುತ್ತದೆ ಅಷ್ಟೇ.

ಹಾಗಾಗಿ ಮನೆ ಬದಲಿಸುವವರು ಮೊದಲು ಯೋಚಿಸಬೇಕಾದದ್ದು ಹಿಡಿಯುವ ಬಗೆಯನ್ನು. ಹಗಲಲ್ಲಿ ಅಂಗಳದ ತುಂಬ ಅಟ್ಟಿಸಿಕೊಂಡು ಹೋಗಿ ಹಿಡಿದ ಕೋಳಿ ಪಂಜರ ಸೇರುವಾಗಲೇ ಬಾಯಿ ತೆರೆದು ಏದುತ್ತಿರುತ್ತದೆ; ಪ್ರಯಾಣಕ್ಕೆ ಬೇಕಾದ ಕಸುವೆಲ್ಲ ಅಂಗಳದಲ್ಲೇ ಖರ್ಚಾಗಿರುತ್ತದೆ. ಕತ್ತಲಾದ ಮೇಲೆ ಗೂಡಿನಲ್ಲಿ ಕೂತಿರುವಾಗ ಎರಡೂ ರೆಕ್ಕೆ ಮುಚ್ಚುವಂತೆ ಎರಡು ಕೈಯಲ್ಲಿ ಹಿಡಿದು ಎತ್ತಿದರೆ ಅದು ಒಮ್ಮೆ ಗೊಣಗಿ ಸುಮ್ಮನಾಗುತ್ತದೆ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ತೀರ ಕಡಿಮೆ. ಕಾಣದಿದ್ದಾಗ ಅದು ಕದಲುವುದಿಲ್ಲ. ನಾಮಕ್ಕಲ್ ಕಡೆಯ ಫಾರಂಗಳಲ್ಲೂ ನಮ್ಮ ಫಾರಂಗಳಲ್ಲೂ ಕೋಳಿ ಹಿಡಿದು ಲೋಡ್ ಮಾಡುವುದು ರಾತ್ರಿ ಹೊತ್ತಿನ ಕೆಲಸವಾದದ್ದು ಸುಮ್ಮನೆ ಅಲ್ಲ. ಲಾಭದ ಲೆಕ್ಕ ಬಿಟ್ಟು ಬೇರೇನೂ ನೋಡದ ಉದ್ಯಮ ಕೂಡ ಕತ್ತಲ ಬೆಲೆ ಅರಿತಿದೆ. ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಿ ಅವಕ್ಕೆ ಹೆಸರಿಟ್ಟವರು ಮಾತ್ರ ಬೆಳಿಗ್ಗೆ ಹತ್ತಕ್ಕೆ ಪ್ಯಾಕರ್ಸ್ ಹುಡುಗರಿಗೆ ಹಿಡಿಯಲು ಹೇಳುತ್ತಾರೆ.

ಇಲ್ಲಿ ಹಳಬರು ಒಂದು ಮಾತು ಹೇಳುವುದುಂಟು. ಹಿಂದೆ ಸಂತೆಗೆ, ಜಾತ್ರೆಗೆ, ಹರಕೆಗೆ ಕೋಳಿಗಳನ್ನು ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದೇ ಹೋಗುತ್ತಿದ್ದರು, ಗಾಡಿಯ ಮೂಕಿಗೆ ನೇತುಹಾಕಿಯೂ ಒಯ್ಯುತ್ತಿದ್ದರು, ಅವಕ್ಕೇನಾಯಿತು ಎಂದು. ಅವಕ್ಕೇನಾಯಿತು ಎಂದು ಯಾರಿಗೂ ತಿಳಿಯದೆ ಹೋದದ್ದಕ್ಕೆ ಸರಳ ಕಾರಣವಿದೆ: ಸಂತೆಗೆ ಹೋದ ಕೋಳಿ ಅಂದೇ ಸಂಜೆ ಸಾರಾಯಿತು, ಹರಕೆಯ ಕೋಳಿ ಗುಡಿಯ ಮುಂದೆಯೇ ಮುಗಿಯಿತು. ಮುಂದಿನ ವಾರ ಮೊಟ್ಟೆಯಿಡಬೇಕಾದ ಕೋಳಿಯ ಲೆಕ್ಕವೇ ಬೇರೆ. ಹಕ್ಕಿಗಳಿಗೆ ನಮ್ಮಂತೆ ಎದೆ ಹೊಟ್ಟೆಗಳ ನಡುವೆ ವಪೆಯ ತಡೆಯಿಲ್ಲ. ತಲೆಕೆಳಗಾದರೆ ಹೊಟ್ಟೆಯೊಳಗಿನ ಅಂಗಗಳ ಭಾರವೆಲ್ಲ ಗಾಳಿಚೀಲಗಳ ಮೇಲೆ ಬಿದ್ದು ಉಸಿರಾಟವೇ ಕಷ್ಟವಾಗುತ್ತದೆ. ತಲೆಕೆಳಗೆ ಹಿಡಿದ ಕೋಳಿಗಳ ರಕ್ತದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಕೋಸ್ಟೆರಾನ್ ಏರುವುದನ್ನು ಪ್ರಯೋಗಗಳು ತೋರಿಸಿವೆ. ನೇತಾಡುವ ಕೋಳಿ ಸ್ವಲ್ಪ ಹೊತ್ತಿಗೆ ಸುಮ್ಮನಾಗುವುದನ್ನು ನಾವು ಸಮಾಧಾನ ಎಂದು ಓದುತ್ತೇವೆ, ಅದು ಸೋಲು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ, ಆದರೆ ಅದು ಮಾತಾಡುವುದು ಬೇರೆಯವರ ಜೊತೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಅನಗತ್ಯ ನೋವಾಗುವಂತೆ ಪ್ರಾಣಿಯನ್ನು ಒಯ್ಯುವುದನ್ನು ಅಪರಾಧ ಎನ್ನುತ್ತದೆ. ಮೊದಲ ಸಲದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ ಮೊಮ್ಮಗಳು ಶಕ್ತಿ ಯೋಜನೆಯಲ್ಲಿ ಉಚಿತವಾಗಿ ಕೂತರೆ, ಅವರ ಜೊತೆಗಿದ್ದ ನಾಲ್ಕು ಲವ್ ಬರ್ಡ್ಸ್‌ಗೆ ತಲಾ 111ರಂತೆ 444 ರೂಪಾಯಿ ಟಿಕೆಟ್ ಕೊಟ್ಟ ಸುದ್ದಿ ಓದಿ ನಕ್ಕವರು ಬಹಳ. ಹಕ್ಕಿಯನ್ನು ನೋಯಿಸಿ ಒಯ್ದರೆ ಐವತ್ತು, ಸರಿಯಾಗಿ ಒಯ್ದರೆ ನೂರಹನ್ನೊಂದು ಎಂಬ ಲೆಕ್ಕ ಆ ನಗೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ತೆಲಂಗಾಣದಲ್ಲೂ 2022ರಲ್ಲಿ ಬಟ್ಟೆಯಲ್ಲಿ ಸುತ್ತಿ ಬಸ್ಸಿಗೆ ತಂದ ಹುಂಜಕ್ಕೆ 30 ರೂಪಾಯಿ ಟಿಕೆಟ್ ಹರಿದಿದ್ದರು. ಟಿಕೆಟ್ ತೆಗೆದುಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಟಿಕೆಟ್ ಪಡೆದ ಹಕ್ಕಿಯನ್ನು ಯಾರೂ ಬಟ್ಟೆಯಲ್ಲಿ ಬಚ್ಚಿಡಬೇಕಾಗಿಲ್ಲ, ಅದಕ್ಕೆ ಗಾಳಿಯಾದರೂ ಸಿಗುತ್ತದೆ.

ಇನ್ನು 1978ರ ಪ್ರಾಣಿ ಸಾಗಾಟ ನಿಯಮಗಳು. 2001ರಲ್ಲಿ ಅದಕ್ಕೆ ಕೋಳಿಗಳ ಭಾಗ ಸೇರಿತು. ಹೊರಡುವ ಮುನ್ನ ಪಶುವೈದ್ಯರು ಪರೀಕ್ಷಿಸಿ ರೋಗವಿಲ್ಲ, ಪ್ರಯಾಣಕ್ಕೆ ಯೋಗ್ಯ ಎಂದು ಪ್ರಮಾಣಪತ್ರ ಕೊಡಬೇಕು. ಒಂದು ಪಂಜರದಲ್ಲಿ ಒಂದೇ ಜಾತಿಯ, ಒಂದೇ ವಯಸ್ಸಿನ ಹಕ್ಕಿಗಳಿರಬೇಕು. ಗಂಡು ಹೆಣ್ಣು ಒಟ್ಟಿಗಿರಬಾರದು. ಬೇಸಿಗೆಯಲ್ಲಿ ಆರು ಗಂಟೆಗೊಮ್ಮೆ ನೀರು ಕೊಡಬೇಕು. ರಸ್ತೆಯಲ್ಲಿ ಒಯ್ಯುವಾಗ ಪಂಜರದ ಮೇಲೆ ಪಂಜರ ಪೇರಿಸಬಾರದು. ಎಲ್ಲವೂ ವಿವೇಕದ ಮಾತೇ. ಜಾಗದ ಲೆಕ್ಕ ಮಾತ್ರ ವ್ಯಾಪಾರಿಗಳ ಕಡೆ ವಾಲಿದೆ. ಬೆಳೆದ ಕೋಳಿಯೊಂದಕ್ಕೆ ಕನಿಷ್ಠ 480 ಚದರ ಸೆಂಟಿಮೀಟರ್ ಎನ್ನುತ್ತದೆ ನಿಯಮ, ಅಂದರೆ ಎ4 ಹಾಳೆಯ ಮುಕ್ಕಾಲು ಭಾಗ. ನಾಲ್ಕು ಕೋಳಿ ಒಯ್ಯುವವರು ಈ ಲೆಕ್ಕಕ್ಕೆ ಅಂಟಿಕೊಳ್ಳಬೇಕಾಗಿಲ್ಲ. ಕೋಳಿ ಕೂತು, ಎದ್ದು, ಒಂದು ಸುತ್ತು ತಿರುಗಿ ಮತ್ತೆ ಕೂರುವಷ್ಟು ಜಾಗ ಬೇಕು. ಆದರೆ ಜಾಗ ಹೆಚ್ಚಾದಷ್ಟೂ ಒಳ್ಳೆಯದು ಎಂದುಕೊಂಡು ದೊಡ್ಡ ನಾಯಿಪಂಜರದಲ್ಲಿ ಎರಡು ಕೋಳಿ ಬಿಟ್ಟರೆ ಪ್ರತಿ ತಿರುವಿನಲ್ಲೂ ಅವು ಒಂದು ಗೋಡೆಯಿಂದ ಇನ್ನೊಂದಕ್ಕೆ ಜಾರುತ್ತವೆ. ಟೊಮೆಟೊ ಕ್ರೇಟಿಗೆ ಜಾಲರಿಯ ಮುಚ್ಚಳ ಬಿಗಿದು, ತಳಕ್ಕೆ ಭತ್ತದ ಹೊಟ್ಟೋ ಒಣಹುಲ್ಲೋ ಹರಡಿ, ಒಂದೊಂದರಲ್ಲಿ ಎರಡೋ ಮೂರೋ ಹೇಟೆಗಳನ್ನು ಕೂರಿಸಿದರೆ ದುಬಾರಿ ಪಂಜರಕ್ಕಿಂತ ಚೆನ್ನಾಗಿ ಕೆಲಸ ನಡೆಯುತ್ತದೆ. ಎತ್ತರ ಕೋಳಿ ನಿಂತಾಗ ತಲೆ ತಾಗದಷ್ಟಿರಲಿ.

ಗಾಡಿ ಹೊರಟಿತು ಎನ್ನಿ. ಈಗ ಶತ್ರು ದೂರವಲ್ಲ ಎಂದೆ, ಹಾಗಾದರೆ ಯಾರು? ಬಿಸಿ. ಕೋಳಿಯ ಮೈಬಿಸಿ 41ರಿಂದ 42 ಡಿಗ್ರಿ ಸೆಲ್ಸಿಯಸ್, ನಮಗೆ ಸುಡು ಜ್ವರವೆನಿಸುವ ಮಟ್ಟ. ಅದಕ್ಕೆ ಬೆವರುಗ್ರಂಥಿಗಳಿಲ್ಲ. ಹೊರಗಿನ ಶಾಖ ಮೂವತ್ತು ಡಿಗ್ರಿ ದಾಟುತ್ತಿದ್ದಂತೆ ಬಾಯಿ ತೆರೆದು ಏದುಸಿರು ಬಿಟ್ಟು ಗಂಟಲಿನ ತೇವವನ್ನು ಆವಿಯಾಗಿಸುವುದೊಂದೇ ಅದಕ್ಕೆ ದೊಡ್ಡ ದಾರಿ. ಗಾಡಿ ಓಡುತ್ತಿರುವಷ್ಟು ಹೊತ್ತು ಗಾಳಿ ಆಡುತ್ತದೆ, ಪಂಜರದೊಳಗಿನ ಬಿಸಿಯನ್ನೂ ತೇವವನ್ನೂ ಅಮೋನಿಯಾ ವಾಸನೆಯನ್ನೂ ಹೊತ್ತೊಯ್ಯುತ್ತದೆ. ಗಾಡಿ ನಿಂತ ಕ್ಷಣ ಎಲ್ಲವೂ ನಿಲ್ಲುತ್ತದೆ. ನಿಲ್ಲಿಸಿದ ಮುಚ್ಚಿದ ಕಾರುಗಳ ಬಗ್ಗೆ ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಂದು ಗಂಟೆಯಲ್ಲಿ ಒಳಗಿನ ಶಾಖ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಅದರ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿಹೋಗುತ್ತದೆ ಎಂದು ತೋರಿಸಿತು. ಕಿಟಕಿಯ ಗಾಜನ್ನು ಒಂದಿಷ್ಟು ಇಳಿಸಿಟ್ಟರೂ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಆ ಅಧ್ಯಯನ ಮಾಡಿದ್ದು ಮಕ್ಕಳ ಸಾವುಗಳನ್ನು ತಡೆಯಲು. ಬೆವರದ ಹಕ್ಕಿಗೆ ಅದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಹೊರಗೆ ಹಿತವಾದ 26 ಡಿಗ್ರಿ ಇರುವಾಗ ಮನೆಯವರು ದರ್ಶಿನಿಯಲ್ಲಿ ಇಡ್ಲಿ ವಡೆ ಮುಗಿಸಿ ಕಾಫಿ ಕುಡಿಯುವಷ್ಟು ಹೊತ್ತು ಸಾಕು. ನಾಲ್ಕು ನೂರು ಕಿಲೋಮೀಟರ್ ತಡೆದ ಕೋಳಿ ನಲವತ್ತು ನಿಮಿಷದ ಪಾರ್ಕಿಂಗ್ ತಡೆಯುವುದಿಲ್ಲ.

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ದಾರಿಯನ್ನೇ ಈ ಕಣ್ಣಿನಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಸುಮಾರು 350 ಕಿಲೋಮೀಟರಿನ ಈ ರಸ್ತೆಯ ಬಹುಭಾಗ, ಹಾಸನ ದಾಟಿ ಸಕಲೇಶಪುರದವರೆಗೆ, ಸಮುದ್ರಮಟ್ಟದಿಂದ ಎಂಟೊಂಬತ್ತು ನೂರು ಮೀಟರ್ ಎತ್ತರದಲ್ಲೇ ಸಾಗುತ್ತದೆ. ರಾತ್ರಿ ಅಲ್ಲಿ ಕೋಳಿಗೆ ಮನೆಯ ಗೂಡಿಗಿಂತ ತಂಪು. ಶಿರಾಡಿ ಘಾಟಿ ಇಳಿದು ಗುಂಡ್ಯ ತಲುಪುವ ಹೊತ್ತಿಗೆ ಹವೆಯೇ ಬೇರೆ: ಬಿಸಿ ಹೆಚ್ಚಾದದ್ದಕ್ಕಿಂತ ತೇವ ಹೆಚ್ಚಾದದ್ದು ಅಪಾಯ. ಗಾಳಿಯಲ್ಲೇ ನೀರು ತುಂಬಿರುವಾಗ ಗಂಟಲ ತೇವ ಆವಿಯಾಗುವುದಿಲ್ಲ, ಏದುಸಿರು ಬಿಟ್ಟೂ ಬಿಟ್ಟೂ ಕೋಳಿಗೆ ದಣಿವಷ್ಟೇ ಉಳಿಯುತ್ತದೆ. ಒಣ ಬಯಲಿನ 35 ಡಿಗ್ರಿಯನ್ನು ತಡೆಯುವ ಹೇಟೆ ಕರಾವಳಿಯ 32 ಡಿಗ್ರಿಯಲ್ಲಿ ತತ್ತರಿಸಬಹುದು. ಆದ್ದರಿಂದ ಈ ದಾರಿಯಲ್ಲಿ ಎಣಿಸಬೇಕಾದದ್ದು 350 ಕಿಲೋಮೀಟರನ್ನಲ್ಲ, ಘಾಟಿಯ ಕೆಳಗೆ ಬೆಳಗಿನ ಎಂಟು ಗಂಟೆಯೊಳಗೆ ತಲುಪುತ್ತೇವೆಯೇ ಎಂಬುದನ್ನು. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆಗುವುದು ಈಗ ಹೊಸತಲ್ಲ. ಅಂಥ ದಿನ ಲಾರಿಗಳ ಸಾಲಿನ ನಡುವೆ ಸಿಕ್ಕಿಬಿದ್ದ ಪಂಜರಕ್ಕೆ ಘಾಟಿಯ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಉಳಿದ ಮುನ್ನೂರಕ್ಕಿಂತ ಉದ್ದ. ರೈಲಿನ ಪಾರ್ಸೆಲ್ ವ್ಯಾನಿನ ಬಗ್ಗೆ ನನಗಿರುವ ಅಸಮಾಧಾನವೂ ಇದೇ. ರೈಲು ಓಡುವಾಗ ತೊಂದರೆಯಿಲ್ಲ. ಬುಕಿಂಗ್ ಆಫೀಸಿನ ಮುಂದೆ, ಬಿಸಿಲಿಗೆ ಕಾದ ಪ್ಲಾಟ್‌ಫಾರಂ ಮೇಲೆ, ಇಳಿಸಿಕೊಳ್ಳುವವರು ಬರುವವರೆಗೆ ಪಂಜರ ಕಾಯುವ ಹೊತ್ತು ಯಾರ ಕೈಯಲ್ಲೂ ಇಲ್ಲ.

ರಾತ್ರಿ ಪ್ರಯಾಣ ಎಂದೊಡನೆ ಚಾಲಕನ ನಿದ್ದೆಯ ಪ್ರಶ್ನೆ ಏಳುತ್ತದೆ. ಅದು ನ್ಯಾಯವಾದ ಪ್ರಶ್ನೆ. ಕೋಳಿ ಉಳಿಸಲು ಮನುಷ್ಯರು ಘಾಟಿಯಲ್ಲಿ ಪ್ರಾಣ ಪಣಕ್ಕಿಡಬೇಕೆಂದು ಯಾರೂ ಹೇಳಲಾರರು. ಬೆಳಗಿನ ಮೂರಕ್ಕೆ ಹೊರಟು ಹತ್ತರೊಳಗೆ ತಲುಪುವಂತಿದ್ದರೂ ಸಾಕು. ಗೂಡಿನಲ್ಲಿ ಕೂತ ಹಕ್ಕಿಯನ್ನು ಹಾಗೆಯೇ ಎತ್ತಿಕೊಳ್ಳುವ ಅನುಕೂಲ ಆಗಲೂ ಉಳಿಯುತ್ತದೆ. ಹಗಲಲ್ಲೇ ಹೋಗಬೇಕಾಗಿ ಬಂದರೆ ಪಂಜರದ ಬದಿಗಳನ್ನು ಹತ್ತಿ ಬಟ್ಟೆಯಿಂದ ಮುಚ್ಚಿ ಮೇಲಿನಿಂದ ಗಾಳಿಗೆ ಬಿಟ್ಟು, ಕತ್ತಲನ್ನು ನಾವೇ ಒದಗಿಸಬೇಕು. ಒದ್ದೆ ಗೋಣಿಚೀಲ ಹೊದಿಸುವುದು ಬಯಲುಸೀಮೆಯ ಒಣ ಸೆಕೆಗೆ ಒಳ್ಳೆಯ ಉಪಾಯ, ಕರಾವಳಿಯ ಸೆಕೆಗೆ ಅದೇ ತಪ್ಪು. ಪ್ಲಾಸ್ಟಿಕ್ ಟಾರ್ಪಾಲು ಎಲ್ಲ ಕಡೆಯೂ ತಪ್ಪು.

ಇಷ್ಟು ಹೊತ್ತು ಹೇಳಿದ್ದು ಹೆಚ್ಚಾಗಿ ಕೋಳಿಯ ಮಾತು. ಬಾತುಕೋಳಿಗೆ ಈ ಕತ್ತಲ ಸೂತ್ರ ಪೂರ್ತಿ ಒಪ್ಪುವುದಿಲ್ಲ, ಎರಡನ್ನೂ ಒಂದೇ ಎಂದು ನೋಡುವುದರಿಂದಲೇ ಅರ್ಧ ತೊಂದರೆ. ಮಲ್ಲಾರ್ಡ್ ಬಾತುಗಳು ಮೆದುಳಿನ ಒಂದು ಭಾಗಕ್ಕೆ ನಿದ್ದೆ ಕೊಟ್ಟು ಇನ್ನೊಂದನ್ನು ಎಚ್ಚರವಾಗಿಟ್ಟುಕೊಳ್ಳುತ್ತವೆ ಎಂದು 1999ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತೋರಿಸಿತ್ತು. ಸಾಲಿನ ತುದಿಯಲ್ಲಿ ಮಲಗಿದ ಬಾತು ಹೊರಗಿನ ಕಡೆಯ ಕಣ್ಣನ್ನು ತೆರೆದೇ ಇರುತ್ತದೆ. ನಮ್ಮ ಸಾಕು ಬಾತುಗಳಲ್ಲಿ ಹೆಚ್ಚಿನವು ಆ ಮಲ್ಲಾರ್ಡ್ ಕುಲದವೇ. ಅಂಥ ಹಕ್ಕಿಗೆ ಎದುರಿನಿಂದ ಬರುವ ಪ್ರತಿ ಲಾರಿಯ ಹೆಡ್‌ಲೈಟೂ ಒಂದು ನರಿ. ಹಾಗಾಗಿ ಅದರ ಪಂಜರದ ಬದಿಗಳು ಬೆಳಕು ತೂರದಂತೆ ದಪ್ಪವಾಗಿ ಮುಚ್ಚಿರಬೇಕು. ಒಂಟಿಯಾಗಿಯಂತೂ ಇಡಬಾರದು, ಪಕ್ಕದಲ್ಲಿ ಇನ್ನೊಂದು ಮೈ ತಾಗುತ್ತಿದ್ದರೆ ಬಾತುವಿನ ಅರ್ಧ ಗಾಬರಿ ಇಳಿಯುತ್ತದೆ. ಗಂಡು ಹೆಣ್ಣು ಬೇರೆಯಿಡಿ ಎಂಬ ನಿಯಮ ಜೋಡಿ ಬಾತುಗಳ ವಿಷಯದಲ್ಲಿ ಈ ಸ್ವಭಾವಕ್ಕೆ ವಿರುದ್ಧ ಹೋಗುತ್ತದೆ. ಅಕ್ಕಪಕ್ಕ ಎರಡು ಪಂಜರ ಇಟ್ಟು ನಡುವೆ ಜಾಲರಿ ಮಾತ್ರ ಬಿಟ್ಟರೆ ನಿಯಮವೂ ಉಳಿಯುತ್ತದೆ, ಜೊತೆಯೂ ಉಳಿಯುತ್ತದೆ.

ಬಾತುವನ್ನು ಹಿಡಿಯುವುದೂ ಬೇರೆ ವಿದ್ಯೆ. ಅದರ ಕಾಲು ನಡೆಯುವುದಕ್ಕಿಂತ ಈಜುವುದಕ್ಕೆ ಒಗ್ಗಿದ್ದು. ಕಾಲು ಹಿಡಿದು ಎತ್ತಿದರೆ ಸುಲಭವಾಗಿ ಪೆಟ್ಟಾಗುತ್ತದೆ. ನಿಜ ಹೇಳಬೇಕೆಂದರೆ ಬಾತುವನ್ನು ಹಿಡಿಯಬೇಕಾದ ಅಗತ್ಯವೇ ಕಡಿಮೆ. ಕೇರಳದ ಕುಟ್ಟನಾಡಿನಲ್ಲಿ ಚಾರ, ಚೆಂಬಲ್ಲಿ ತಳಿಯ ಬಾತುಗಳನ್ನು ಸಾಕುವವರು ಭತ್ತದ ಕೊಯ್ಲು ಮುಗಿದ ಗದ್ದೆಯಿಂದ ಗದ್ದೆಗೆ ಸಾವಿರಾರು ಹಕ್ಕಿಗಳನ್ನು ಉದ್ದನೆಯ ಗಳು ಹಿಡಿದ ಇಬ್ಬರು ಮೂವರಷ್ಟೇ ನಡೆಸಿಕೊಂಡು ಹೋಗುತ್ತಾರೆ. ದೂರವಾದರೆ ಲಾರಿಗೆ ಹತ್ತಿಸಿ ಜಿಲ್ಲೆ ದಾಟಿಸುತ್ತಾರೆ. ಕೊಯ್ಲಾದ ಮೇಲೆ ನಮ್ಮ ಮಂಡ್ಯದ ಬಯಲಿನಲ್ಲೂ ತುಂಗಭದ್ರೆಯ ಅಚ್ಚುಕಟ್ಟಿನಲ್ಲೂ ಬಾತುಗಳ ಹಿಂಡು ಮೇಯುವುದು ಕಾಣುತ್ತದೆ. ದೂರದ ಪ್ರಯಾಣ ಬಾತುವಿಗೆ ಆಗದು ಎನ್ನುವವರು ಈ ಹಿಂಡುಗಳಿಗೆ ಏನು ಹೇಳುತ್ತಾರೋ ತಿಳಿಯದು. ಮನೆಯವರು ಕಲಿಯಬೇಕಾದದ್ದು ಆ ಗಳುವಿನ ವಿದ್ಯೆಯನ್ನು: ಪಂಜರದ ಬಾಯಿ ತೆರೆದು ನೆಲಕ್ಕಿಟ್ಟು, ಎರಡು ಕಡೆ ಹಲಗೆ ಅಡ್ಡ ಹಿಡಿದು, ಹಿಂದಿನಿಂದ ನಿಧಾನವಾಗಿ ನಡೆಸಿದರೆ ಮೊದಲನೆಯದು ಹೊಕ್ಕ ಕೂಡಲೇ ಉಳಿದವು ತಾವೇ ಹೊಗುತ್ತವೆ.

ನೀರಿನ ವಿಷಯದಲ್ಲಿ ಬಾತುವಿಗೂ ಕೋಳಿಗೂ ಇರುವ ಅಂತರ ಮರೆತವರು ಪ್ರೀತಿಯಿಂದಲೇ ಹಕ್ಕಿಗೆ ಅಪಾಯ ತರುತ್ತಾರೆ. ಬಾತು ಒಣ ಕಾಳನ್ನು ನೀರಿಲ್ಲದೆ ನುಂಗಿದರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಹೀಗಾಗಿ ದಾರಿಯಲ್ಲಿ ನುಚ್ಚು, ಮುಸುಕಿನ ಜೋಳ ಹಾಕುವುದಕ್ಕಿಂತ ಏನೂ ಹಾಕದಿರುವುದು ಒಳ್ಳೆಯದು. ನೀರನ್ನೇ ಪಂಜರದೊಳಗೆ ಇಟ್ಟರೆ ಅರ್ಧ ಗಂಟೆಯಲ್ಲಿ ಅದನ್ನು ಚೆಲ್ಲಿ, ಹಾಸಿನ ಹುಲ್ಲನ್ನೆಲ್ಲ ಕೆಸರು ಮಾಡಿಕೊಂಡು ಅದರಲ್ಲೇ ಕೂರುತ್ತದೆ. ಮೊದಲೇ ಅದರ ಹಿಕ್ಕೆಯಲ್ಲಿ ನೀರಿನಂಶ ಬಹಳ. ಒದ್ದೆ ಹಾಸಿನಿಂದ ಅಮೋನಿಯಾ ಏಳುತ್ತದೆ, ಗರಿಗಳ ಎಣ್ಣೆಯ ಹೊದಿಕೆ ಕೆಡುತ್ತದೆ. ಕೋಳಿ ಬಾತುಗಳನ್ನು ಒಂದೇ ಪಂಜರದಲ್ಲಿ ಇಡಬಾರದು ಎಂಬ ನಿಯಮಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ: ಬಾತು ಮಾಡಿದ ಕೆಸರಿನಲ್ಲಿ ಕೋಳಿ ರಾತ್ರಿಯಿಡೀ ಕೂರಬೇಕಾಗುತ್ತದೆ. ಮೂರು ನಾಲ್ಕು ಗಂಟೆಗೊಮ್ಮೆ ಗಾಡಿಯನ್ನು ಮರದ ನೆರಳಿಗೆ ಹಾಕಿ, ಎಂಜಿನ್ ಆರಿಸಿ, ಹಿಂದಿನ ಬಾಗಿಲು ತೆರೆದು, ಕೊಕ್ಕಿನ ಮೂಗಿನವರೆಗೆ ಮುಳುಗುವಷ್ಟು ಆಳದ ಪಾತ್ರೆಯಲ್ಲಿ ನೀರಿಟ್ಟು, ಕುಡಿದಾದ ಮೇಲೆ ಪಾತ್ರೆಯನ್ನು ಹೊರತೆಗೆಯಬೇಕು. ನಡುವೆ ಸೌತೆಕಾಯಿ, ಕಲ್ಲಂಗಡಿ ಹೋಳು ಹಾಕಿದರೆ ಎರಡೂ ಜಾತಿಗೆ ನೀರಾಸರೆ. ಬಾತುಗಳು ನಸುಕಿಗೆ ಮೊದಲೇ ಮೊಟ್ಟೆಯಿಡುವುದರಿಂದ ರಾತ್ರಿ ಪ್ರಯಾಣದಲ್ಲಿ ಹಾಸು ದಪ್ಪವಾಗಿರಬೇಕು. ಪ್ರತಿ ನಿಲುಗಡೆಯಲ್ಲೂ ಪಂಜರ ತೆರೆದು ಒಂದೊಂದನ್ನೇ ಎತ್ತಿ ಮುದ್ದಿಸುವವರಿದ್ದಾರೆ. ಹಕ್ಕಿಗೆ ಅದು ಮತ್ತೆ ಮತ್ತೆ ಬೇಟೆಗೆ ಸಿಕ್ಕ ಅನುಭವ.

ಈಗ ಮಾರಿಬಿಡಿ ಎಂದ ಸಲಹೆಗೆ ಬರೋಣ. ಹಣದ ಲೆಕ್ಕದಲ್ಲಿ ಅವರು ಹೇಳುವುದು ಸರಿ. ನಾಲ್ಕು ಹೇಟೆಗಳ ಬೆಲೆಗಿಂತ ಅವಕ್ಕೆ ಗಾಡಿಯಲ್ಲಿ ಜಾಗ ಮಾಡುವ ಖರ್ಚೇ ಹೆಚ್ಚಾಗಬಹುದು. ಆದರೆ ಮಾರಿ ಕೊಳ್ಳುವುದು ಒಂದು ಹಿಂಡನ್ನು ಒಡೆದು ಇನ್ನೊಂದನ್ನು ಕಟ್ಟುವ ಕೆಲಸ. ನಾರ್ವೆಯ ಥೋರ್ಲೀಫ್ ಷೆಲ್ಡೆರುಪ್-ಎಬ್ಬೆ 1920ರ ದಶಕದ ಆರಂಭದಲ್ಲೇ ಕೋಳಿಗಳ ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ನಿಶ್ಚಿತ ಶ್ರೇಣಿ ಇರುವುದನ್ನು ವಿವರಿಸಿದ್ದರು. ಒಟ್ಟಿಗೆ ಬೆಳೆದ ಹೇಟೆಗಳು ಆ ಶ್ರೇಣಿಯನ್ನು ತಮ್ಮ ಜೊತೆಗೇ ಹೊಸ ಊರಿಗೆ ಒಯ್ಯುತ್ತವೆ. ಇಳಿದ ಮೇಲೆ ಜಗಳವಿಲ್ಲ. ಬೇರೆ ಬೇರೆ ಕಡೆಯಿಂದ ಕೊಂಡು ತಂದ ಕೋಳಿಗಳು ವಾರಗಟ್ಟಲೆ ಕಾದಾಡಿ ಅದನ್ನು ಹೊಸದಾಗಿ ಕಟ್ಟಬೇಕು. ಇದಕ್ಕಿಂತ ಭಾರವಾದದ್ದು ರೋಗದ ಲೆಕ್ಕ. ಸಂತೆಯ ಕೋಳಿ ಯಾವ ಊರಿನ ಯಾವ ಶೆಡ್ಡಿನಿಂದ ಬಂತೆಂದು ಕೊಟ್ಟವನಿಗೂ ಗೊತ್ತಿರುವುದಿಲ್ಲ. ಮೈಕೋಪ್ಲಾಸ್ಮಾದಂಥ ರೋಗಾಣು ಒಮ್ಮೆ ಹೊಕ್ಕರೆ ಚೇತರಿಸಿಕೊಂಡಂತೆ ಕಾಣುವ ಕೋಳಿಯಲ್ಲೂ ಉಳಿದುಬಿಡುತ್ತದೆ. ನಿಮ್ಮ ಹಿತ್ತಲ ಕೋಳಿಗೆ ಏನಿದೆ ಏನಿಲ್ಲ ಎಂದು ನಿಮಗೆ ಗೊತ್ತಿದೆ, ಕೊಕ್ಕರೆ ರೋಗದ ಲಸಿಕೆ ಯಾವಾಗ ಹಾಕಿಸಿದಿರಿ ಎಂದೂ ಗೊತ್ತಿದೆ.

ಆದರೆ ಇದೇ ರೋಗದ ಮಾತು ನನ್ನ ವಾದಕ್ಕೂ ತಿರುಗಿ ಬೀಳುತ್ತದೆ, ಬೀಳಲೇಬೇಕು. ಹೊಸ ಊರಿನ ನೆರೆಹೊರೆಯವರ ಪಾಲಿಗೆ ನಿಮ್ಮ ಕೋಳಿಯೇ ಸಂತೆಯ ಕೋಳಿ. 2020ರ ಮಾರ್ಚ್‌ನಲ್ಲಿ ಮೈಸೂರು, ದಾವಣಗೆರೆ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ. ಕೇರಳದ ಆಲಪ್ಪುಳದಲ್ಲಿ 2021ರಲ್ಲೂ 2024ರಲ್ಲೂ ಅದು ಹೊಕ್ಕಿದ್ದು ಬಾತುಗಳ ಹಿಂಡಿಗೆ. ಬಾತುವಿನ ಅಪಾಯ ಇರುವುದು ಅಲ್ಲೇ: ಕೆಲವೊಮ್ಮೆ ಅದು ಯಾವ ಲಕ್ಷಣವನ್ನೂ ತೋರದೆ ವೈರಸ್ಸನ್ನು ಹರಡುತ್ತಿರುತ್ತದೆ. ರೋಗ ಖಚಿತವಾದ ಜಾಗದಿಂದ ಒಂದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಕೊಲ್ಲುವಾಗ ಫಾರಂ ಕೋಳಿ, ಹೆಸರಿಟ್ಟ ಕೋಳಿ ಎಂಬ ಭೇದವಿಲ್ಲ. ಹತ್ತು ಕಿಲೋಮೀಟರಿನವರೆಗೆ ನಿಗಾ ವಲಯ. ಅಂಥ ವಲಯದಿಂದ ಹೊರಡುವ ಮಾತೇ ಇಲ್ಲ, ಅಲ್ಲಿಗೆ ಹೋಗುವ ಮಾತೂ ಇಲ್ಲ. ಇಲ್ಲಿ ದೂರದ ಪ್ರಶ್ನೆ ಮತ್ತೆ ಬರುತ್ತದಲ್ಲ ಎನ್ನಬಹುದು. ಬರುವುದು ದೂರದ ಪ್ರಶ್ನೆಯಲ್ಲ, ಗಡಿಯ ಪ್ರಶ್ನೆ. ಪಕ್ಕದ ತಾಲ್ಲೂಕಿಗೆ ಹೋದರೂ ಅದು ಅಷ್ಟೇ ಇರುತ್ತದೆ. ಅಂತರರಾಜ್ಯ ಪ್ರಯಾಣವಾದರೆ ಪಶುವೈದ್ಯರ ಪ್ರಮಾಣಪತ್ರ ಕೈಯಲ್ಲಿರಬೇಕಾದದ್ದು ಚೆಕ್‌ಪೋಸ್ಟ್ ದಾಟಲು ಮಾತ್ರವಲ್ಲ. ಹೊರಡುವ ಎರಡು ಮೂರು ವಾರ ಮೊದಲೇ ಲಸಿಕೆ ಹಾಕಿಸಲು, ಹಿಕ್ಕೆ ಪರೀಕ್ಷೆ ಮಾಡಿಸಲು, ಜಂತುವಿನ ಔಷಧ ಕೊಡಿಸಲು ಆ ಕಾಗದ ಒಂದು ನೆಪವಾಗುತ್ತದೆ. ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ನಾಲ್ಕು ಕೋಳಿಗೆ ಪ್ರಮಾಣಪತ್ರ ಕೇಳಿದರೆ ನಗುತ್ತಾರೆ ಎಂಬ ದೂರು ಇರಬಹುದು. ನಗಲಿ, ಬರೆದುಕೊಡಲಿ.

ತಲುಪಿದ ದಿನ ಎಲ್ಲರಿಗೂ ಇರುವ ಆಸೆ ಒಂದೇ: ಪಾಪ, ಇಷ್ಟು ಹೊತ್ತು ಪಂಜರದಲ್ಲಿದ್ದವು, ಹಿತ್ತಲಿಗೆ ಬಿಡೋಣ. ಬಿಟ್ಟ ಕೋಳಿ ಸಂಜೆಗೆ ಗೂಡು ಹುಡುಕುವುದಿಲ್ಲ, ಅದಕ್ಕೆ ಗೊತ್ತಿರುವ ಗೂಡು 350 ಕಿಲೋಮೀಟರ್ ಹಿಂದೆ ಉಳಿದಿದೆ. ಕೈಗೆ ಸಿಕ್ಕ ಮರ ಹತ್ತುತ್ತದೆ ಅಥವಾ ನಾಯಿಯ ಬಾಯಿಗೆ ಸಿಗುತ್ತದೆ. ನಾಲ್ಕೈದು ದಿನವಾದರೂ ಹೊಸ ಗೂಡಿನೊಳಗೇ ಇಟ್ಟು, ಕಾಳು ನೀರು ಅಲ್ಲೇ ಕೊಟ್ಟು, ಆಮೇಲೆ ಸಂಜೆ ಒಂದು ಗಂಟೆ ಬಿಟ್ಟರೆ ಕತ್ತಲಾಗುತ್ತಲೇ ತಾನೇ ಮರಳುತ್ತದೆ. ಬಾತುವಿಗೆ ಮೊದಲ ದಿನವೇ ಅಗಲವಾದ ಬೋಗುಣಿಯಲ್ಲಿ ನೀರು ಬೇಕು, ಗರಿ ತೊಳೆದು ಎಣ್ಣೆ ಸವರಿಕೊಳ್ಳಲು. ಊರ ಕೆರೆಗೆ ಬಿಡುವ ಮಾತು ತಿಂಗಳ ನಂತರದ್ದು. ಹೊಸ ಮನೆಯಲ್ಲಿ ಮೊದಲೇ ಕೋಳಿಗಳಿದ್ದರೆ ಆ ತಿಂಗಳು ಇವು ಬೇರೆ ಗೂಡಲ್ಲೇ ಇರಬೇಕು. ಇವಕ್ಕೆ ಕಾಳು ಹಾಕಿದ ಕೈ, ಮೆಟ್ಟಿದ ಚಪ್ಪಲಿ ತೊಳೆಯದೆ ಅತ್ತ ಹೋಗಬಾರದು. ಮೊಟ್ಟೆ ಕೆಲವು ವಾರ ನಿಲ್ಲುತ್ತದೆ, ಕೆಲವು ಗರಿ ಉದುರಿಸುತ್ತವೆ. ಅದನ್ನು ಪ್ರಯಾಣದ ಹಾನಿ ಎಂದು ಲೆಕ್ಕ ಬರೆಯುವವರು ಇದ್ದಾರೆ, ಬರೆಯಲಿ. ಮೊಟ್ಟೆ ಮತ್ತೆ ಬರುತ್ತದೆ.

ಎಲ್ಲ ಹಕ್ಕಿಗಳೂ ಹೋಗಲೇಬೇಕು ಎಂದೇನೂ ಇಲ್ಲ. ಕಾವಿಗೆ ಕೂತ ಹೇಟೆಯನ್ನು ಮೊಟ್ಟೆಗಳ ಸಮೇತ ಸಾಗಿಸಲು ಹೋದರೆ ಮೊಟ್ಟೆಯೂ ಉಳಿಯುವುದಿಲ್ಲ, ಕಾವೂ ಉಳಿಯುವುದಿಲ್ಲ. ಮರಿ ಮಾಡುವವರೆಗೆ ಕಾಯಬೇಕು. ಮೂಗಿನಲ್ಲಿ ಗೊಣ್ಣೆ ಕಟ್ಟಿ ಗೊರಗುಟ್ಟುವ ಕೋಳಿಯನ್ನು ಯಾವ ವೈದ್ಯರೂ ಪಾಸು ಮಾಡಬಾರದು. ಗಿರಿರಾಜದಂಥ ಭಾರದ ತಳಿಯ ಮುದಿ ಹುಂಜವನ್ನು ಏಪ್ರಿಲ್ ಕೊನೆಯಲ್ಲಿ ಬಳ್ಳಾರಿಯಿಂದಲೋ ರಾಯಚೂರಿನಿಂದಲೋ ಹೊರಡಿಸುವುದು ಸರಿಯಲ್ಲ. ಅದೇ ದಾರಿಯನ್ನು ನಾಟಿ ಹೇಟೆ ಸಲೀಸಾಗಿ ತಡೆದೀತು, ಈ ಹುಂಜ ತಡೆಯಲಾರದು. ಬ್ಯಾಂಕಿನವರಿಗೂ ಮೇಷ್ಟ್ರಿಗೂ ವರ್ಗಾವಣೆ ಆಗುವುದು ಹೆಚ್ಚಾಗಿ ಆ ತಿಂಗಳಲ್ಲೇ. ಹುಂಜ ನೆರೆಮನೆಯವರ ಹಿತ್ತಲಲ್ಲಿ ಮಳೆ ಬೀಳುವವರೆಗೆ ಇದ್ದು, ಜೂನ್ ಕೊನೆಯಲ್ಲಿ ಯಾವುದಾದರೂ ರಾತ್ರಿ ಗಾಡಿಯಲ್ಲಿ ಬರಲಿ.